ತೊಟ್ಟಿಲ ಪಲ್ಲಕ್ಕಿ, ಉಪ್ಪಿನ ಹುಳಿ

ಬಿಳಿಗೆರೆಯ ದೊರೆ ಮಲ್ಲರಸನಿಗೆ ಗೋಡೆಗಳೆಂದರೆ ಪ್ರಾಣ. ಅರಮನೆಯ ಹಿತ್ತಲಲ್ಲಿ ಬಡಗಿಗಳಿಗೂ ಕಮ್ಮಾರರಿಗೂ ನಡುವೆ ಒಂದು ಗೋಡೆ, ಕಮ್ಮಾರರಿಗೂ ನೇಕಾರರಿಗೂ ನಡುವೆ ಇನ್ನೊಂದು. ಒಬ್ಬರು ಇನ್ನೊಬ್ಬರ ಕಡೆ ಇಣುಕುವಂತಿಲ್ಲ.

“ನನ್ನಲ್ಲಿ ಒಬ್ಬನ ಕೆಲಸದಲ್ಲಿ ಇನ್ನೊಬ್ಬ ಮೂಗು ತೂರಿಸುವುದಿಲ್ಲ,” ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ.

ಒಂದು ದಿನ ಅವನ ತಾಯಿ ಮರಿಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಹೋಗಬೇಕೆಂದರು. ಅದಕ್ಕೆ ಇನ್ನು ಕೆಲವೇ ದಿನ ಇತ್ತು. ಮಗುವನ್ನು ಎತ್ತಿಕೊಳ್ಳುವ ಆಸೆ ಬೆಟ್ಟದಷ್ಟು, ಆದರೆ ಪಲ್ಲಕ್ಕಿ ಹತ್ತಿದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ದೊರೆ ಅಪ್ಪಣೆ ಕೊಟ್ಟ: “ಅಮ್ಮನ ಕೈಯಲ್ಲಿರುವ ಮಜ್ಜಿಗೆ ಲೋಟ ತುಳುಕಬಾರದು. ಅಂಥ ಪಲ್ಲಕ್ಕಿ ಮಾಡಿ.”

ಬಡಗಿ ಕಾಳಾಚಾರಿ ಗಟ್ಟಿ ಪೀಠ ಮಾಡಿ ಕಳಿಸಿದ. ಕಮ್ಮಾರ ಮುದ್ದಪ್ಪ ಅದಕ್ಕೆ ಕಬ್ಬಿಣದ ಪಟ್ಟಿ ಬಿಗಿದು ಇನ್ನಷ್ಟು ಗಟ್ಟಿ ಮಾಡಿದ. ನೇಕಾರ ಲಿಂಗಯ್ಯ ಎಷ್ಟು ದಪ್ಪ ಮೆತ್ತೆ ಹಾಕಿದನೆಂದರೆ, ರಾಜಮಾತೆಯ ತಲೆ ಚಾವಣಿಗೆ ಬಡಿಯಿತು. ಅಂಗಳ ದಾಟುವಷ್ಟರಲ್ಲಿ ಅವರು ಇಳಿದುಬಿಟ್ಟರು.

“ಇದರಲ್ಲಿ ಹೋಗುವುದಕ್ಕಿಂತ ಕತ್ತೆಯ ಮೇಲೆ ಹೋಗುವುದು ವಾಸಿ ಕಣಪ್ಪ,” ಎಂದು ಕಣ್ಣೊರೆಸಿಕೊಂಡರು.

ಸಭೆಯಲ್ಲಿ ಬಡಗಿ ಕಮ್ಮಾರನತ್ತ ಬೆರಳು ತೋರಿಸಿದ, ಕಮ್ಮಾರ ನೇಕಾರನತ್ತ, ನೇಕಾರ ಬಡಗಿಯತ್ತ.

“ಶಾಸ್ತ್ರದ ದಿನದೊಳಗೆ ಪಲ್ಲಕ್ಕಿ ಆಗದಿದ್ದರೆ ಮೂವರೂ ಊರು ಬಿಡಿ,” ಎಂದ ದೊರೆ.

ಆಸ್ಥಾನದ ವಿದೂಷಕ ಕೇತಪ್ಪ ಎದ್ದು ನಿಂತ. ದೊರೆಯ ಕಾಲೆಳೆದೂ ಸಂಬಳ ಪಡೆಯುತ್ತಿದ್ದ ಪುಣ್ಯಾತ್ಮ ಅವನೊಬ್ಬನೇ. “ಮಹಾಸ್ವಾಮಿ, ಹಿತ್ತಲಿನ ಗೋಡೆ ಕೆಡವಿಸಿದರೆ ಪಲ್ಲಕ್ಕಿ ಆಗುತ್ತದೆ.”

“ಗೋಡೆಯ ಮಾತೆತ್ತಿದರೆ ನೀನೂ ಅವರ ಜೊತೆ ಗಂಟು ಕಟ್ಟು.”

“ಎತ್ತುವುದಿಲ್ಲ ಬಿಡಿ. ಆದರೆ ಅರಮನೆಯಲ್ಲಿ ಶಿಸ್ತಿಲ್ಲದ ಜಾಗ ಒಂದು ಉಳಿದಿದೆಯಲ್ಲ, ಅಡುಗೆಮನೆ. ಅಲ್ಲಿ ಎಲ್ಲರೂ ಎಲ್ಲದಕ್ಕೂ ಬಾಯಿ ಹಾಕುತ್ತಾರೆ. ನಾಳೆಯಿಂದ ಅಲ್ಲೂ ತಮ್ಮ ನಿಯಮ ತರೋಣವೇ?”

“ಈಗ ನಿನಗೆ ಬುದ್ಧಿ ಬಂತು,” ಎಂದು ದೊರೆ ಹಿಗ್ಗಿದ.

ಮರುದಿನ ಅಡುಗೆಯವರ ನಡುವೆ ತಟ್ಟಿಗಳು ಎದ್ದವು. ಬೇಳೆ ಬೇಯಿಸುವವನು ಒಂದು ಕಡೆ, ತರಕಾರಿಯವನು ಒಂದು ಕಡೆ, ಮಸಾಲೆ ಅರೆಯುವವನು, ಒಗ್ಗರಣೆ ಹಾಕುವವನು ಬೇರೆ ಬೇರೆ ಕಡೆ. ತಪ್ಪಲೆ ಮಾತ್ರ ಕೈಯಿಂದ ಕೈಗೆ ಹೋಗುತ್ತಿತ್ತು, ಮಾತಿಲ್ಲ.

ಮಧ್ಯಾಹ್ನ ದೊರೆ ಹುಳಿಯನ್ನದ ಮೊದಲ ತುತ್ತು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು.

“ಇದಕ್ಕೆ ಉಪ್ಪು ಹಾಕಿದವನು ಯಾರು?”

“ನಾನೇ ಬುದ್ಧಿ,” ಎಂದರು ಎಲ್ಲರೂ ಒಟ್ಟಿಗೆ.

ಬಾಯಿ ಸಿಹಿ ಮಾಡಿಕೊಳ್ಳಲು ಪಾಯಸ ಎತ್ತಿದ. ಸಪ್ಪೆ. “ಬೆಲ್ಲ ಯಾರು ಹಾಕಬೇಕಿತ್ತು?”

“ನಾನಲ್ಲ ಬುದ್ಧಿ,” ಎಂದರು ಮತ್ತೆ ಎಲ್ಲರೂ ಒಟ್ಟಿಗೆ.

ಕೇತಪ್ಪ ನೀರಿನ ಚೊಂಬು ಮುಂದೆ ಸರಿಸಿದ. “ಬೈಯಬೇಡಿ ಮಹಾಸ್ವಾಮಿ. ಒಬ್ಬರೂ ತಪ್ಪು ಮಾಡಿಲ್ಲ. ಅವರವರ ಕೆಲಸ ಅವರವರು ಚೊಕ್ಕವಾಗಿ ಮಾಡಿದ್ದಾರೆ. ನಮ್ಮ ಪಲ್ಲಕ್ಕಿಯ ಹಾಗೆ.”

ದೊರೆ ಚೊಂಬು ಖಾಲಿ ಮಾಡಿದ. ಆಮೇಲೆ ಮೆಲ್ಲಗೆ, “ಗೋಡೆ ಕೆಡವಿಸು,” ಎಂದ.

ಗೋಡೆ ಬಿದ್ದ ಮೇಲೆ ಹಿತ್ತಲಲ್ಲಿ ಮೊದಲು ಆದದ್ದು ಜಗಳ.

“ನಿನ್ನ ಪೀಠ ಕಲ್ಲು ಬಂಡೆ,” ಎಂದ ಲಿಂಗಯ್ಯ ಕಾಳಾಚಾರಿಗೆ. “ಮಲಗುವ ಕೂಸನ್ನು ಯಾರಾದರೂ ಹಲಗೆಗೆ ಬಿಗಿಯುತ್ತಾರಾ? ತೊಟ್ಟಿಲಿನ ಹಾಗೆ ಬಟ್ಟೆಯ ಪೀಠ ತೂಗುಹಾಕು.”

“ತೂಗುಹಾಕಿದರೆ ಹಗ್ಗ ಸವೆದು ರಾಜಮಾತೆ ನೆಲಕ್ಕೆ ಬರುತ್ತಾರೆ,” ಎಂದ ಮುದ್ದಪ್ಪ. “ಸರಪಳಿ ನಾನು ಕೊಡುತ್ತೇನೆ.”

“ಸರಪಳಿ ತೂಗಾಡಿ ಕಂಬಕ್ಕೆ ಬಡಿದರೆ?” ಎಂದ ಕಾಳಾಚಾರಿ. ತಲೆ ಕೆರೆದುಕೊಂಡ. “ಇರಿ, ಚೌಕಟ್ಟನ್ನೇ ಅಗಲ ಮಾಡುತ್ತೇನೆ.”

ಶಾಸ್ತ್ರದ ದಿನ ರಾಜಮಾತೆ ತೊಟ್ಟಿಲ ಪಲ್ಲಕ್ಕಿಯಲ್ಲಿ ಹೋದರು. ಲೋಟದ ಮಜ್ಜಿಗೆ ತುಳುಕಲಿಲ್ಲ. ದಾರಿಯಲ್ಲಿ ನಿದ್ದೆ ಹೋದರಂತೆ, ಮಗುವಿನ ಮನೆ ಬಂದಾಗ ಎಬ್ಬಿಸಬೇಕಾಯಿತು. ಮರಿಮಗುವನ್ನು ಮಡಿಲಿಗೆ ಹಾಕಿಕೊಂಡು ಸಂಜೆಯವರೆಗೆ ಕೆಳಗಿಳಿಸಲಿಲ್ಲ.

ಬಹುಮಾನ ಕೊಡಲು ದೊರೆ ಮೂವರನ್ನೂ ಕರೆಸಿದ. “ಇದು ಯಾರ ಉಪಾಯ?”

ಬಡಗಿ ನೇಕಾರನತ್ತ ಬೆರಳು ತೋರಿಸಿದ, ನೇಕಾರ ಕಮ್ಮಾರನತ್ತ, ಕಮ್ಮಾರ ಬಡಗಿಯತ್ತ.

“ಆಗಲೂ ಹೀಗೇ ತೋರಿಸಿದ್ದಿರಿ,” ಎಂದು ದೊರೆ ನಕ್ಕು ಮೂವರಿಗೂ ಶಾಲು ಹೊದಿಸಿದ. ಆಮೇಲೆ ಕೇತಪ್ಪನತ್ತ ತಿರುಗಿದ. “ನನ್ನ ನಾಲಿಗೆ ಸುಡಿಸಿದ ನಿನಗೂ ಬಹುಮಾನವಿದೆ. ಅವತ್ತಿನ ಹಾಗೆಯೇ ಒಂದು ತಪ್ಪಲೆ ಹುಳಿ ಮಾಡಿಸಿಟ್ಟಿದ್ದೇನೆ. ಪೂರ್ತಿ ನಿನಗೇ.”

ಕೇತಪ್ಪ ಕೈಮುಗಿದ. “ಒಬ್ಬೊಬ್ಬರೇ ಮಾಡುವ ಪದ್ಧತಿಯನ್ನು ತಾವೇ ತೆಗೆದುಹಾಕಿದ್ದೀರಿ ಮಹಾಸ್ವಾಮಿ. ತಮ್ಮ ಎಲೆಯನ್ನೂ ನನ್ನ ಪಕ್ಕದಲ್ಲೇ ಹಾಕಿಸುತ್ತೇನೆ, ಬನ್ನಿ.”