ಕಚ್ಚಿದ್ದಕ್ಕೆ ಬೆಣ್ಣೆ ತಿಂದ ಮರಿ

ಒಂದಾನೊಂದು ಕಾಲ ಅಂತಾರಲ್ಲ, ಆ ಕಾಲಕ್ಕೂ ನಾಕು ದಿನ ಈಚೆಗೆ, ಒಂದು ಕುರಿಹಟ್ಟೀಲಿ ಮಾಳವ್ವ ಅಂತ ಒಬ್ಬಳು ಇದ್ದಳಂತೆ. ಕಾಲು ನೀಡ್ಕೋ, ಕಂಬಳಿ ಹೊದ್ಕೋ, ಹ್ಞೂಂ ಅಂತಿರು. ನೀನು ಹ್ಞೂಂ ಅನ್ನೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ, ಆಮೇಲೆ ಅವಳ ಮಾನ ಹೋಗಿದ್ದು ನಿನಗೆ ತಪ್ಪಿ ಹೋಗುತ್ತೆ. ಕತೇಲಿ ಅದೇ ರುಚಿ.

ಈ ಮಾಳವ್ವನಿಗೆ ನಾಯಿ ಸಾಕೋದರಲ್ಲಿ ಭಾರಿ ಹೆಸರಂತೆ. ಯಾಕಪ್ಪಾ ನಾಯಿ ಸಾಕೋದಕ್ಕೂ ಒಂದು ಹೆಸರಾ ಅಂತ ಕೇಳಬೇಡ. ಕುರಿ ಮಂದೆ ಅಂದ್ರೆ ಒಂದು ಕಡೆ ನಿಲ್ಲೋದಲ್ಲ, ಊರಿಂದ ಊರಿಗೆ ಮೇಯ್ತಾ ಹೋಗುತ್ತೆ. ನಾಯಿ ತೋಳಗಳನ್ನ ಕಚ್ಚಬೇಕು, ಜನರನ್ನ ಕಚ್ಚಬಾರದು. ಒಬ್ಬ ರೈತನ ಕಾಲಿಗೆ ಬಾಯಿ ಹಾಕ್ತು ಅಂದ್ರೆ ಆ ಊರೋರು ಮಂದೇನ ಹೊಲದಲ್ಲಿ ತಂಗೋಕೆ ಬಿಡಲ್ಲ, ಇಡೀ ಹಟ್ಟಿ ಕುರಿ ಉಪವಾಸ. ಅದಕ್ಕೇ ಆ ಹಟ್ಟೀಲಿ ಒಂದು ಕಟ್ಟಳೆ ಇತ್ತಂತೆ. ನಾಯಿಮರಿಗೆ ಹಾಲುಹಲ್ಲು ಉದುರೋ ಹೊತ್ತಿಗೆ ಅಮಾಸೆ ದಿನ ಹಟ್ಟಿ ಯಜಮಾನ ಬಂದು ಅದರ ಬಾಯೊಳಗೆ ಕೈ ಇಡ್ತಿದ್ದ. ಮೆತ್ತಗೆ ಹಿಡಿದು ಬಿಟ್ರೆ ಮಂದೆಗೆ ಸೇರಿಸ್ತಿದ್ರು. ಕಚ್ಚಿದ್ರೆ ಕೊರಳಿಗೆ ಹಗ್ಗ ಹಾಕಿ ಗುಡ್ಡದಾಚೆ ಬಿಟ್ಟು ಬರ್ತಿದ್ರು. ಗುಡ್ಡದಾಚೆ ಏನಿತ್ತು ಅಂತ ನಿನಗೆ ಹೇಳಲ್ಲ, ಹೆದರ್ಕೊಂತೀಯ.

ಮಾಳವ್ವನ ಮನೆ ಮರಿ ಒಂದೂ ಕಚ್ಚಿರಲಿಲ್ಲವಂತೆ, ಅವಳ ಅತ್ತೆ ಕಾಲದಿಂದ. ಅದಕ್ಕೆ ಅವಳ ಬಾಯಿಗೆ ಬೇಲಿ ಇರಲಿಲ್ಲ. ಯಾರ ಮನೆ ನಾಯಿ ಬೊಗಳಿದ್ರೂ, ಸಾಕಿದೋರ ಬುದ್ಧಿ ಬರ್ದೆ ಇರುತ್ತಾ ಅನ್ನೋಳು. ಪಕ್ಕದ ಗುಡಿಸಲ ಚಿತ್ತವ್ವನ ನಾಯಿ ಒಂದು ಸಲ ಕೋಳಿ ಹಿಡೀತು ಅಂತ ಮೂರು ವರ್ಷ ಆಡ್ಕೊಂಡ್ಳಂತೆ. ಮೂರು ವರ್ಷ, ಒಂದು ಕೋಳಿಗೆ.

ಆಮೇಲೆ ಅವಳ ಒಬ್ಬನೇ ಮಗ ಕ್ಯಾತ ಮದುವೆ ಆದನಂತೆ. ಹುಡುಗಿ ಹೆಸರು ಈರಕ್ಕ. ಮೆತ್ತಗಿನ ಹುಡುಗಿ, ಮಾತು ಕಡಿಮೆ, ಕೆಲಸದಲ್ಲಿ ಕೈ ಜೋರು. ಬಂದ ಮೂರನೇ ದಿನಕ್ಕೆ ಕ್ಯಾತ ಉಣ್ಣೋಕೆ ಕೂತೋನು, ಅವ್ವಾ ಇವಳು ತಿರುವಿದ ಮುದ್ದೇಲಿ ಒಂದು ಗಂಟೂ ಸಿಗಲ್ಲ ನೋಡು ಅಂದುಬಿಟ್ಟ. ದಡ್ಡ. ಇಪ್ಪತ್ತು ವರ್ಷ ಅವನಿಗೆ ಮುದ್ದೆ ತಿರುವಿದ ಹೆತ್ತವಳ ಎದುರಿಗೆ ಆಡೋ ಮಾತಾ ಅದು. ಮಾಳವ್ವ ಏನೂ ಅನ್ನಲಿಲ್ಲವಂತೆ. ಅಂದಿದ್ರೆ ಅಲ್ಲಿಗೇ ಮುಗಿದು ಹೋಗೋದು.

ಅದೇ ದಿನಗಳಲ್ಲಿ ಮನೇಲಿ ಒಂದು ಕರೀ ಮರಿ ಇತ್ತು, ಕಾಡಿಗೆ ಅಂತ ಹೆಸರು. ಕಣ್ಣು ಬಿಟ್ಟು ಎಂಟು ದಿನಕ್ಕೇ ತಾಯಿಯಿಂದ ಬಿಡಿಸ್ಕೊಂಡು ಬಂದಿದ್ದು. ಅದಕ್ಕೆ ಹಲ್ಲು ಬರೋ ಹೊತ್ತು, ವಸಡು ನವೆ, ಸಿಕ್ಕಿದ್ದನ್ನೆಲ್ಲ ಕಡಿಯೋದು, ಕಂಬಳಿ ಅಂಚು, ಒನಕೆ, ಒಲೆ ಹತ್ತಿರದ ಸೌದೆ. ಒಂದು ದಿನ ಈರಕ್ಕ ನೆಲ ಸಾರಿಸ್ತಾ ಇದ್ದಾಗ ಅವಳ ಕೈ ಹಿಡಿದು ಕಚ್ಚಿಬಿಡ್ತು. ಹಲ್ಲು ನುಚ್ಚಕ್ಕಿಯಷ್ಟೇ, ಆದರೆ ಸೂಜಿ. ಈರಕ್ಕ ಅಮ್ಮಾ ಅಂದಳು. ಮಾಳವ್ವ ಪಕ್ಕದಲ್ಲೇ ಬೆಣ್ಣೆ ತೆಗೀತಾ ಇದ್ದೋಳು ಕಿಸಕ್ಕನೆ ನಕ್ಕಳಂತೆ. ಮನೆಯೋರು ಯಾರು, ಹೊರಗಿನೋರು ಯಾರು ಅಂತ ಇದಕ್ಕೆ ಚೆನ್ನಾಗಿ ಗೊತ್ತೈತೆ ಅಂತ ಹೇಳಿ, ಬೆರಳ ತುದೀಲಿ ಇಷ್ಟು ಬೆಣ್ಣೆ ತಗೊಂಡು ಮರಿಗೆ ನೆಕ್ಕಿಸಿದಳಂತೆ.

ಕೇಳಿಸ್ಕೊಂಡ್ಯಾ, ನಾಯಿ ಸಾಕೋದರಲ್ಲಿ ಹೆಸರು ಮಾಡಿದೋಳು.

ಮಾರನೇ ದಿನ ಇನ್ನೊಂದು ಸಲ ಕಚ್ತು, ಇನ್ನೊಂದು ಬೆರಳು ಬೆಣ್ಣೆ. ಅದರ ಮಾರನೇ ದಿನವೂ ಹಂಗೇ. ಮರಿಗೆ ಅತ್ತೆ ಸೊಸೆ ಜಗಳ ಏನು ಗೊತ್ತು. ಕೈ ಕಂಡ್ರೆ ಕಚ್ಚಬೇಕು, ಕಚ್ಚಿದ್ರೆ ಮಾಳವ್ವನ ಹತ್ತಿರ ಓಡಬೇಕು, ಅಲ್ಲಿ ಬೆಣ್ಣೆ ಇರುತ್ತೆ. ಇಷ್ಟು ಪಾಠ ಅದು ಚೆನ್ನಾಗಿ ಕಲೀತು. ಈರಕ್ಕ ಒಂದು ಸಲ, ಅತ್ತೆ, ನಮ್ಮ ತೌರಲ್ಲಿ ಮರಿ ಕಚ್ಚಿದ್ರೆ ಹಿಂಗೆ ಮಾಡ್ತಾರೆ ಅಂತ ಹೇಳೋಕೆ ಬಂದಳಂತೆ. ಮಾಳವ್ವ, ನಿಮ್ಮ ತೌರಲ್ಲಿ ಮೂರು ಮೇಕೆ ಅವೆ, ನನಗೆ ನಾಯಿ ಸಾಕೋದು ಕಲಿಸೋಕೆ ಬಂದ್ಯಾ ಅಂದಳು. ಹುಡುಗಿ ಕೈ ಸೆರಗಲ್ಲಿ ಮುಚ್ಕೊಂಡು ಹೋದಳು.

ಆಮೇಲೆ ಬಂತು ನೋಡು ಮೊದಲನೇ ಪಜೀತಿ. ಚಿತ್ತವ್ವ ಒಲೆಗೆ ಕೆಂಡ ಕೇಳ್ಕೊಂಡು ಬಂದಳು, ಕೈ ಚಾಚಿದಳು, ಮರಿ ಕಚ್ತು. ಮಾಳವ್ವ, ನಿನ್ನ ಕೈಯಲ್ಲಿ ಬಾಡಿನ ವಾಸನೆ ಇರ್ಬೇಕು ಅಂದು ಜಾರಿಕೊಂಡಳು. ಎರಡನೇದು ಬಳೆಗಾರ. ಈರಕ್ಕನಿಗೆ ಬಳೆ ತೊಡಿಸ್ತಾ ಇದ್ದ, ಮರಿ ಅವನ ಮಣಿಕಟ್ಟಿಗೆ ಬಾಯಿ ಹಾಕ್ತು, ಒಂದು ಡಜನ್ ಗಾಜಿನ ಬಳೆ ನೆಲಕ್ಕೆ. ಆಗ ಮಾಳವ್ವ, ಅಪರಿಚಿತ ಅಂತ ಹಂಗೆ ಮಾಡ್ತು ಅಂದಳು. ಹನ್ನೆರಡು ವರ್ಷದಿಂದ ಬರ್ತಿದ್ದೋನು ಅಪರಿಚಿತ ಅಂತೆ. ಮೂರನೇದು ಕೇಳು, ಈರಕ್ಕನ ಅಪ್ಪ, ಬೀಗ, ಮಗಳನ್ನ ನೋಡೋಕೆ ಅಂತ ಹೊಸ ಪಂಚೆ ಉಟ್ಕೊಂಡು ಬಂದಿದ್ದ. ಬಾಗಿಲಲ್ಲಿ ಕಾಲು ತೊಳ್ಕೊಂತಾ ಬಗ್ಗಿದ. ಎಲ್ಲಿ ಕಚ್ತು ಅಂತ ಹೇಳೋಕೆ ಬರಲ್ಲ, ಬಗ್ಗಿದೋನಿಗೆ ಎಲ್ಲಿ ಕಚ್ಚುತ್ತೋ ಅಲ್ಲಿ. ಆ ಮುದುಕ ಊಟಕ್ಕೂ ಕೂರಲಿಲ್ಲ, ಕೂರೋಕೆ ಆಗಲಿಲ್ಲ.

ಆಗ ಮಾಳವ್ವ ಬೆರಳು ಮಡಚಿ ದಿನ ಎಣಿಸಿದಳು. ಅಮಾಸೆಗೆ ಎಂಟೇ ದಿನ. ಮೊದಲು ಮರಿ ಮೂತಿಗೆ ಹೊಡೆದಳು. ಮರಿ ಆಟ ಅಂದ್ಕೊಂಡು ಇನ್ನೂ ಜೋರಾಗಿ ಹಿಡೀತು. ಆಮೇಲೆ ಮನೆಯೋರ ಕೈಗೆಲ್ಲ ಬೇವಿನ ರಸ ಹಚ್ಚಿದಳು. ಮರಿ ಕೈ ಬಿಟ್ಟು ಹಿಮ್ಮಡಿ ಹುಡುಕ್ತು. ಕೊನೆಗೆ ಬಾಯಿಗೆ ದಾರ ಸುತ್ತಿದಳು, ಅದು ಊಟ ಇಲ್ಲದೆ ಮೂಗಲ್ಲೇ ಮುಲುಗಿದ್ದು ನೋಡೋಕಾಗ್ದೆ ತಾನೇ ಬಿಚ್ಚಿದಳು. ಯಾಕೆ ಯಾವುದೂ ನಾಟಲಿಲ್ಲ ಅಂತ ಅವಳಿಗೆ ಗೊತ್ತಿತ್ತು. ಯಾರಿಗೆ ಹೇಳ್ತಾಳೆ.

ಅಮಾಸೆ ಬಂತು. ಹಟ್ಟಿ ಹಟ್ಟಿಯೇ ಕುರಿ ಕೂಡೋ ರೊಪ್ಪದ ಮುಂದೆ ಸೇರ್ತು. ಚಿತ್ತವ್ವ ಎಲ್ಲರಿಗಿಂತ ಮುಂದೆ ಕೂತಿದ್ದಳಂತೆ, ಅಡಿಕೆ ಎಲೆ ಸಮೇತ. ಯಜಮಾನ ಬೊಮ್ಮಯ್ಯ ಕೂತು ಮರಿ ಬಾಯಿಗೆ ಕೈ ಇಟ್ಟ. ಮರಿ ಕಚ್ತು, ರಕ್ತ ಬಂತು. ಅಷ್ಟಾಗಿದ್ರೆ ಪರವಾಗಿರಲಿಲ್ಲ. ಕಚ್ಚಿದ್ದೇ ತಡ, ಬಾಲ ಆಡಿಸ್ತಾ ನೆಟ್ಟಗೆ ಮಾಳವ್ವನ ಮುಂದೆ ಓಡಿ ಬಂದು, ಕುಂಡಿ ಊರಿ ಕೂತು, ಬಾಯಿ ತೆಕ್ಕೊಂಡು ಅವಳ ಮುಖ ನೋಡ್ತು.

ಬೊಮ್ಮಯ್ಯ ಬೆರಳು ಒರೆಸ್ಕೊಂತಾ, ಮಾಳವ್ವ, ಇದು ಏನು ಕೇಳ್ತಾ ಐತೆ ಅಂದನಂತೆ.

ನನಗೇನು ಗೊತ್ತು ಯಜಮಾನ್ರೇ, ನೀರಡಿಸಿರ್ಬೇಕು ಅಂದಳು ಇವಳು.

ಯಾರೋ ನೀರು ತಂದಿಟ್ರು. ಮರಿ ನೀರು ಮೂಸಲೂ ಇಲ್ಲ. ಅವಳ ತೊಡೆ ಹತ್ತಿ, ಬಲಗೈ ಹುಡುಕಿ, ತೋರು ಬೆರಳನ್ನ ಬುಡದಿಂದ ತುದಿವರೆಗೂ ನೆಕ್ತು. ಮಾಳವ್ವ ಕೈ ಹಿಂದಕ್ಕೆ ಕಟ್ಟಿದ್ರೆ ಹಿಂದಕ್ಕೆ ಹೋಗಿ ನೆಕ್ತು. ಹಟ್ಟಿಯೋರೆಲ್ಲ ಕತ್ತು ಚಾಚಿ ನೋಡಿದ್ರು. ಚಿತ್ತವ್ವ ಮಾತ್ರ, ನೀರಡಿಕೆಗೆ ಬೆರಳು ನೆಕ್ಕೋ ನಾಯಿ ಈಗಲೇ ನೋಡಿದ್ದು ಅಂದಳಂತೆ.

ಬೊಮ್ಮಯ್ಯ ಹೇಳಿದ, ಕೆಲಸ ಮುಗಿಸಿ ಕೂಲಿ ಕೇಳೋಕೆ ಬಂದೈತೆ. ಏನು ಕೊಡ್ತಿದ್ದೆ ತಾಯಿ, ಯಾರನ್ನ ಕಚ್ಚಿದ್ದಕ್ಕೆ ಕೊಡ್ತಿದ್ದೆ.

ಆಗ ಕ್ಯಾತ, ಆ ದಡ್ಡ, ಮೊದಲನೇ ಸಲ ತಿರುಗಿ ಹೆಂಡತಿ ಕೈ ನೋಡಿದನಂತೆ. ಈರಕ್ಕ ಸೆರಗಲ್ಲಿ ಮುಚ್ಕೊಂತಾ ಇದ್ದಳು. ಮೊಣಕೈವರೆಗೂ ಚುಕ್ಕಿ ಚುಕ್ಕಿ ಗಾಯ, ಹಸೀದು, ಒಣಗಿದ್ದು. ಇಡೀ ಹಟ್ಟಿ ಒಂದು ಸಲ ಆ ಕೈ ನೋಡ್ತು, ಒಂದು ಸಲ ಮಾಳವ್ವನ ಬೆರಳು ನೋಡ್ತು. ಯಾರೂ ಏನೂ ಹೇಳಲಿಲ್ಲ ಮಗಾ. ಹೇಳಿದ್ರೆ ತಿರುಗಿ ಹೇಳಬಹುದು. ಸುಮ್ಮನೆ ನೋಡಿದ್ರೆ ಏನು ಮಾಡ್ತಾಳೆ. ಅವಳಿಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತಂತೆ.

ಮರಿ ಕೊರಳಿಗೆ ಹಗ್ಗ ಹಾಕಿದ್ರು. ಅದು ಹಗ್ಗದ ತುದೀನೂ ಕಡಿಯೋಕೆ ನೋಡ್ತು, ಪಾಪ, ಆಟ ಅಂತ. ಆಗ ಮಾಳವ್ವ ಎದ್ದು ನಿಂತಳಂತೆ. ತಲೆ ಎತ್ತಲಿಲ್ಲ. ಯಜಮಾನ್ರೇ, ತಪ್ಪು ಮರೀದಲ್ಲ, ನಂದು. ಸೊಸೇನ ಕಚ್ಚಿದ್ದಕ್ಕೆ ನಕ್ಕು ಬೆಣ್ಣೆ ಕೊಟ್ಟೆ. ಗುಡ್ಡದಾಚೆ ಕಳಿಸೋದಾದ್ರೆ ನನ್ನ ಕಳಿಸಿ ಅಂದಳು. ಬೊಮ್ಮಯ್ಯ, ನಿನ್ನ ಕಳಿಸಿದ್ರೆ ತೋಳ ಊರು ಬಿಟ್ಟು ಹೋಗ್ತವೆ ಅಂದು, ಮುಂದಿನ ಅಮಾಸೆವರೆಗೂ ಅವಕಾಶ ಕೊಟ್ಟ. ಆಗಲೂ ಕಚ್ಚಿದ್ರೆ ಮಾತಿಲ್ಲ ಅಂದ.

ಮನೆಗೆ ಬಂದು ಮಾಳವ್ವ ಗೋಡೆ ಕಡೆ ಮುಖ ಮಾಡಿ ಕೂತಳು. ಬಹಳ ಹೊತ್ತಾದ ಮೇಲೆ, ಈರಾ, ನಿಮ್ಮ ತೌರಲ್ಲಿ ಏನು ಮಾಡ್ತಾರೆ ಅಂದೆ ಅಂತ ಕೇಳಿದಳಂತೆ. ಆ ಒಂದು ಮಾತು ಬಾಯಿಂದ ಹೊರಡಿಸೋಕೆ ಅವಳಿಗೆ ಹೆರಿಗೆ ನೋವಷ್ಟು ಆಗಿರ್ಬೇಕು.

ಈರಕ್ಕ ಹೇಳಿದಳು, ಮರಿಗಳು ಒಂದನ್ನೊಂದು ಕಚ್ಚಾಡ್ತಾವಲ್ಲ ಅತ್ತೆ, ನೋವಾದ್ರೆ ಒಂದು ಕುಂಯ್ ಅಂತ ಆಟ ಬಿಟ್ಟು ಹೋಗುತ್ತೆ. ಆಗ ಇನ್ನೊಂದಕ್ಕೆ ಗೊತ್ತಾಗುತ್ತೆ, ಇಷ್ಟು ಜೋರಾಗಿ ಕಚ್ಚಬಾರದು ಅಂತ. ಇದಕ್ಕೆ ಕುಂಯ್ ಅನ್ನೋಕೆ ಒಡಹುಟ್ಟಿದವು ಇಲ್ಲ. ನಾವೇ ಕುಂಯ್ ಅಂದು, ಕೈ ಸಡಿಲ ಬಿಟ್ಟು, ಮುಖ ತಿರುಗಿಸಿ ಎದ್ದು ಹೋಗಬೇಕು. ವಸಡು ನವೆಗೆ ತಣ್ಣೀರಲ್ಲಿ ನೆನೆಸಿದ ಬಟ್ಟೆ ಗಂಟು ಕೊಡಬೇಕು. ಮೆತ್ತಗೆ ಹಿಡಿದಾಗ ಮಾತ್ರ ತಿನ್ನೋಕೆ ಕೊಡಬೇಕು.

ಹಂಗಾದ್ರೆ ನೀನೇ ಕುಂಯ್ ಅನ್ನು ಅಂದಳು ಮಾಳವ್ವ.

ನಾನು ದಿನಾ ಅಂದಿದ್ದೀನಿ ಅತ್ತೆ, ಬೆಣ್ಣೆ ಕೊಟ್ಟೋರು ಅನ್ನಬೇಕು ಅಂದಳು ಈರಕ್ಕ.

ನೋಡು, ಮಾತು ಕಡಿಮೆ ಇರೋರು ಆಡಿದ್ರೆ ಹಿಂಗೆ.

ಆಮೇಲೆ ಏನಾಯ್ತು ಅಂತೀಯಾ, ಆ ಗರತಿ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಮರಿ ಬಾಯಿಗೆ ಕೈ ಕೊಟ್ಟಳು. ಬೇಲಿ ಆಚೆ ಹಟ್ಟಿ ಹೆಂಗಸರೆಲ್ಲ ಕೆಲಸ ಇದ್ದೋರ ಥರ ನಿಂತಿದ್ರು, ಚಿತ್ತವ್ವ ಇಲ್ಲದ ಸಗಣಿ ತಟ್ತಾ ಇದ್ದಳು. ಮರಿ ಕಚ್ತು. ಮಾಳವ್ವ ಒಂದು ಕುಂಯ್ ಅಂದಳು, ಅದು ಗಂಟಲಲ್ಲೇ ಉಳೀತು. ಮರಿ ಬಿಡಲಿಲ್ಲ. ಎರಡನೇ ಸಲ ಅಂದಳು, ಕೆಮ್ಮಿದಂಗೆ ಬಂತು, ಬೇಲಿ ಆಚೆ ಯಾರೋ ಕಿಸಕ್ಕಂದ್ರು. ಮೂರನೇ ಸಲ ಮರಿ ಮೂಳೆವರೆಗೂ ಕಚ್ಚಿತು, ಆಗ ಮಾನ ಮರ್ಯಾದೆ ಎಲ್ಲ ಮರೆತು ಕುಂಯ್ ಅಂತ ಹೊಟ್ಟೆಯಿಂದ ಕಿರುಚಿದಳು. ಮರಿ ಬೆಚ್ಚಿ ಬಾಯಿ ಬಿಡ್ತು, ಕಿವಿ ಇಳಿಸ್ತು. ಬೆಣ್ಣೆ ಎಲ್ಲಿ ಅಂತ ಅವಳ ಮುಖ ನೋಡ್ತು. ಅವಳು ಮುಖ ತಿರುಗಿಸಿ ಎದ್ದು ಒಳಗೆ ಹೋದಳು. ಒಳಗೆ ಹೋಗಿ ಅತ್ತಳಂತೆ, ಕೈ ನೋವಿಗಲ್ಲ. ಸೊಸೆ ಒಬ್ಬಳೇ ಇಷ್ಟು ದಿನ ಇದನ್ನ ತಿಂದಳಲ್ಲ ಅಂತ.

ದಿನಾ ಹಿಂಗೇ. ನೀರು ಸೇದೋಕೆ ಹೋದ್ರೆ ಬಾವಿ ಕಟ್ಟೆ ಮೇಲೆ ಯಾರೋ ಮೆಲ್ಲಗೆ ಕುಂಯ್ ಅನ್ನೋರು. ಎಲ್ಲದಕ್ಕೂ ಉತ್ತರ ಇದ್ದೋಳು ಕೊಡ ಎತ್ತಿಕೊಂಡು ಸುಮ್ಮನೆ ಬರೋಳು. ಹತ್ತು ದಿನಕ್ಕೆ ಮರಿ ಕಚ್ಚೋ ಮುಂಚೆ ಯೋಚಿಸೋಕೆ ಶುರು ಮಾಡ್ತು. ಇಪ್ಪತ್ತಕ್ಕೆ ಬಟ್ಟೆ ಗಂಟನ್ನ ತಾನೇ ಕಚ್ಚಿಕೊಂಡು ಬಂದು ಕೂರೋದು, ಅದರಲ್ಲಿ ಒಂದು ಹಾಲುಹಲ್ಲು ಸಿಕ್ಕಿತ್ತಂತೆ.

ಅಮಾಸೆ ಬಂತು. ಬೊಮ್ಮಯ್ಯ ಕೈ ಇಟ್ಟ. ಮರಿ ಹಿಡೀತು. ಮಾಳವ್ವ ಕಣ್ಣು ಮುಚ್ಚಿದಳು. ಮರಿ ಯಜಮಾನನ ಕೈನ ಕೋಳಿ ಮೊಟ್ಟೆ ಹಿಡಿದಂಗೆ ಹಿಡಿದು, ಒಂದು ಸಲ ನೆಕ್ಕಿ, ಬಿಟ್ಟುಬಿಡ್ತು. ಬೊಮ್ಮಯ್ಯ ಕೈ ಎತ್ತಿ ಎಲ್ಲರಿಗೂ ತೋರಿಸಿದ, ಗೀರೂ ಇರಲಿಲ್ಲ. ಮಂದೆಗೆ ಸೇರಿಸೋ ಮುಂಚೆ ಯಾರು ಕಲಿಸಿದ ನಾಯಿ ಅಂತ ಕೂಗಿ ಹೇಳಬೇಕು, ಮಾಳವ್ವ ಕಲಿಸಿದ್ದು ಅನ್ನಲಾ ಅಂದ. ಅವಳು ತಲೆ ಅಲ್ಲಾಡಿಸಿ, ಈರಕ್ಕ ಕಲಿಸಿದ್ದು ಅನ್ನಿ ಅಂದಳು. ಚಿತ್ತವ್ವನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತ್ತಂತೆ.

ಎಲ್ಲರೂ ಹೋದ ಮೇಲೆ ಮಾಳವ್ವ ಸೊಸೆ ಕೈ ಹಿಡ್ಕೊಂಡು ನೋಡಿದಳು. ಈರಕ್ಕ, ಮಾಯ್ತವೆ ಬಿಡಿ ಅತ್ತೆ ಅಂದಳು. ಮಾಳವ್ವ, ಗಾಯ ಮಾಯ್ತವೆ ಕಣೇ, ನಾನು ನಕ್ಕಿದ್ದು ಮಾಯಲ್ಲ ಅಂದಳು. ಆ ಹುಡುಗಿ, ನೀವು ನಕ್ಕಾಗೆಲ್ಲ ನಾನೂ ಒಳಗೆ ಹೋಗಿ ನಿಮ್ಮನ್ನ ಬೈತಿದ್ದೆ ಅಂದಳಂತೆ. ಏನಂತ ಬೈತಿದ್ದೆ ಅಂದಳು ಅತ್ತೆ. ಬೇಡ ಬಿಡಿ. ಹೇಳೇ ಅಂದ್ರೆ. ಈರಕ್ಕ ಕಿವೀಲಿ ಹೇಳಿದಳು. ಮಾಳವ್ವ ಕಣ್ಣು ಕಣ್ಣು ಬಿಟ್ಟಳು, ಆಮೇಲೆ ನೀರು ಬರೋ ಹಂಗೆ ನಕ್ಕಳು, ಸೊಸೇನೂ ನಕ್ಕಳು. ಏನು ಬೈಗುಳ ಅಂತ ನಾನು ಹೇಳಲ್ಲ, ನಿಮ್ಮಮ್ಮ ಬಾಗಿಲ ಹಿಂದೆ ನಿಂತವಳೆ, ಕಲ್ತುಬಿಟ್ರೆ ಕಷ್ಟ.

ಅವರಿಬ್ಬರೂ ಒಂದೇ ಗಂಗಾಳದಲ್ಲಿ ಉಂಡ್ರು, ಕತೆ ಅಲ್ಲಿಗೆ ಕೈ ತೊಳೀತು. ಮಲಗು.