ಬ್ಯಾಂಡ್ ಸೆಟ್ಟಿನ ಇಂದುಧರನ ಆಲ್ಬಮ್

ಬನಹಟ್ಟಿಯಲ್ಲಿ ಇಂದುಧರ ಎಂಬೊಬ್ಬ ಕೀಬೋರ್ಡ್ ನುಡಿಸುವವನಿದ್ದ. ಖಾಸಿಂಸಾಬರ ಬ್ಯಾಂಡ್ ಸೆಟ್ಟಿನಲ್ಲಿ ಅವನ ಕೆಲಸ. ಮದುವೆಯ ಮೆರವಣಿಗೆ ಹೊರಟಿತೆಂದರೆ ಇವನು ಗಾಡಿಯ ಮೇಲೆ ಕೂತು ನುಡಿಸಬೇಕು, ಮುಂದೆ ಮಂದಿ ಕುಣಿಯಬೇಕು. ಬ್ಯಾಂಡಿನವರಿಗೆ ಇರುವುದು ಒಂದೇ ಶಾಸ್ತ್ರ. ಬೆರಳು ಕೀಬೋರ್ಡಿನ ಮೇಲಿದ್ದರೂ ಕಣ್ಣು ಮಂದಿಯ ಕಾಲುಗಳ ಮೇಲಿರಬೇಕು. ಕಾಲು ನಿಂತವೋ, ತಕ್ಷಣ ಹಾಡು ಬದಲಿಸಬೇಕು. ವರನ ಮಾವ ಮುಖ ಗಂಟಿಕ್ಕಿದರೆ ಭಕ್ತಿಗೀತೆ, ಗೆಳೆಯರು ಸೀಟಿ ಹೊಡೆದರೆ ಸಿನಿಮಾ ಹಾಡು. ನಡುವೆ ಸದ್ದು ನಿಂತಿತೆಂದರೆ ಮಾನ ಹೋಯಿತೆಂದೇ ಲೆಕ್ಕ. ಈ ವಿದ್ಯೆಯಲ್ಲಿ ಇಂದುಧರನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ.

ಆದರೆ ಅವನಿಗೊಂದು ಕೊರಗಿತ್ತು. ಇಷ್ಟು ವರ್ಷ ನುಡಿಸಿದ್ದೆಲ್ಲ ಇನ್ನೊಬ್ಬರು ಕಟ್ಟಿದ ಹಾಡು. ತನ್ನದು ಅಂತ ಒಂದಾದರೂ ಇರಬಾರದೇ? ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ, ಬ್ಯಾಂಡಿನವರಿಗೆ ಕೆಲಸವೂ ಇಲ್ಲ. ಹಳೆಯದೊಂದು ಕಂಪ್ಯೂಟರ್ ಮುಂದೆ ಇಂದುಧರ ಬಾಗಿಲು ಹಾಕಿಕೊಂಡು ಕೂತುಬಿಟ್ಟ. ಊಟಕ್ಕೆ ಕರೆದರೂ ಏಳಲೊಲ್ಲ. ಹೆಂಡತಿ ಸುನಂದಾ ತಾಟು ತಂದು ಅವನ ಪಕ್ಕಕ್ಕಿಟ್ಟು ಹೋಗುತ್ತಿದ್ದಳು.

ಅವನು ಮಾಡಿದ್ದು ಎಂಥ ಸಂಗೀತ ಅಂತ ಕೇಳಬೇಡಿ, ಹೇಳುವುದು ಕಷ್ಟ. ಡಿಜೆ ಅನ್ನೋಣವೆಂದರೆ ನಡುವೆ ಸೋಬಾನೆ ಪದ, ಭಕ್ತಿ ಪದ ಬರುತ್ತವೆ. ಜಾನಪದ ಅನ್ನೋಣವೆಂದರೆ ಹಾರ್ಮೋನಿಯಂ ಕಂಪ್ಯೂಟರಿನೊಳಗೆ ಹೊಕ್ಕು ಗುಡುಗಿನಂತೆ ಗುಡುಗಿ ಹೊರಗೆ ಬರುತ್ತದೆ. ಕರಡಿ ಮಜಲು ಮೇಳದ ಡೋಲಿನ ಪೆಟ್ಟಿನ ಜೊತೆ ಮಷಿನ್ನಿನ ಪೆಟ್ಟು ಜೋಡಿ. ಎಲ್ಲದರ ಅಡಿಯಲ್ಲಿ ಅವನ ಓಣಿಯ ಪವರ್‌ಲೂಮ್ ಮಗ್ಗಗಳ ಸದ್ದು. ಆಲ್ಬಮ್ಮಿಗೆ ‘ಓಣಿ’ ಅಂತಲೇ ಹೆಸರಿಟ್ಟ.

ಅದರಲ್ಲಿ ‘ನೂಲು’ ಎಂಬ ಹಾಡು ಅವನಿಗೆ ಕರುಳಿನ ಕುಡಿ. ಮಗ್ಗಗಳ ಸದ್ದು ಏರುತ್ತಾ ಏರುತ್ತಾ ಹೋಗಿ, ನಡುವೆ ಫಕ್ಕನೆ ಕರೆಂಟ್ ಹೋಗುತ್ತದೆ. ಓಣಿಯ ಮಗ್ಗಗಳು ಸುಸ್ತಾದವರಂತೆ ಒಂದರ ಹಿಂದೊಂದು ನಿಲ್ಲುತ್ತವೆ. ಕೊನೆಯ ಮಗ್ಗವೂ ನಿಂತ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಬ್ಬಳು ಹೆಣ್ಣುಮಗಳು ಮೆಲ್ಲಗೆ ಸೋಬಾನೆ ಪದ ಎತ್ತುತ್ತಾಳೆ. ಮಗ್ಗ ನಿಲ್ಲುವ ಆ ಸದ್ದನ್ನು ಇಂದುಧರ ನಿಜವಾಗಿ ಕರೆಂಟ್ ಹೋದಾಗಲೇ ಫೋನಿನಲ್ಲಿ ಹಿಡಿದಿದ್ದ.

ಮೊದಲು ಕೇಳಿದವಳು ಸುನಂದಾ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು.

“ಹೆಂಗೈತಿ?” ಅಂದ ಇಂದುಧರ.

“ನಮ್ಮ ಓಣ್ಯಾಗ ಕುಂತಂಗ ಆತು,” ಅಂದಳು. ಇಂದುಧರನಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆಲ್ಬಮ್ಮನ್ನು ಇಂಟರ್ನೆಟ್ಟಿಗೆ ಹಾಕಿದ. ಕೇಳಿದವರು ಕೆಳಗೆ ತಮ್ಮ ಮಾತು ಬರೆಯಬಹುದು, ಹಾಕಿದವನು ಬೇಕೆಂದಾಗ ಹಳೆಯ ಹಾಡು ತೆಗೆದು ತಿದ್ದಿದ ಹಾಡು ಇಡಬಹುದು. ಎಡವಟ್ಟಾಗಿದ್ದೇ ಅಲ್ಲಿ ನೋಡಿ.

ಮಾತುಗಳು ಬಂದವು. ಅಯ್ಯೋ, ಎಂಥೆಂಥ ಮಾತು! ಹುಬ್ಬಳ್ಳಿಯ ಹುಡುಗನೊಬ್ಬ, “ಬೇಸ್ ಸಾಲದು ಗುರೂ, ಎದಿ ನಡುಗಬೇಕು” ಅಂತ ಬರೆದ. ಜಮಖಂಡಿಯ ಭಜನಾ ಮಂಡಳಿಯವರು, “ಭಕ್ತಿ ಪದಕ್ಕೆ ಇಂಥ ಧಡಭಡಿ ಸಲ್ಲದು” ಅಂತ ಬರೆದರು. ಬೆಂಗಳೂರಿನ ಸಂಗೀತ ವಿಮರ್ಶಕರೊಬ್ಬರು ಉದ್ದಕ್ಕೆ ಬರೆದು, ಇದು ಯಾವ ಪ್ರಕಾರಕ್ಕೂ ಸೇರದೆ ನಡುನೀರಿನಲ್ಲಿ ನಿಂತಿದೆ ಎಂದರು. ಯಾರೋ ಒಬ್ಬಾಕೆ, “ನಮ್ಮ ಮಿಕ್ಸರ್ ಕೆಟ್ಟಿತೆಂದುಕೊಂಡು ಎರಡು ಸಲ ಅಡುಗೆಮನೆಗೆ ಹೋಗಿ ಬಂದೆ” ಅಂತ ಬರೆದಿದ್ದಳು. ಇನ್ನೊಬ್ಬ, “ಏನೂ ತಿಳಿಯಲಿಲ್ಲ, ಆದರೂ ಮತ್ತೆ ಹಚ್ಚಿದೆ” ಅಂತ ಬರೆದಿದ್ದ. ಪಾಪ, ಆ ಕೊನೆಯ ಮಾತನ್ನು ಇಂದುಧರ ಸರಿಯಾಗಿ ಓದಲೇ ಇಲ್ಲ.

ಅವನಿಗೆ ಕಂಡದ್ದು ಒಂದೇ. ಮಂದಿಯ ಕಾಲು ನಿಂತಿವೆ! ಸರಿ, ಕೂತ ತಿದ್ದಲು. ಹುಬ್ಬಳ್ಳಿ ಹುಡುಗನಿಗಾಗಿ ಬೇಸ್ ಏರಿಸಿದ. ಮಂಡಳಿಯವರಿಗಾಗಿ ಭಕ್ತಿ ಪದದ ಕೆಳಗಿನ ಡೋಲು ತೆಗೆದ. ಮಿಕ್ಸರಿನ ಅಮ್ಮನಿಗಾಗಿ ಮೊದಲ ಹಾಡಿನ ಗುಡುಗನ್ನು ಸಣ್ಣ ಮಾಡಿದ. ತಿದ್ದಿದ್ದನ್ನು, ಹಳೆಯದು ಅಳಿಸಿಹೋಗುವಂತೆ, ಅದರ ಮೇಲೆಯೇ ಉಳಿಸಿದ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಬಂದಾಗ ಬೇಡವಾದ ಸದ್ದುಗಳನ್ನು ಅಳಿಸುತ್ತಾ ಹೋದ.

“ಅವರೇನ ಗಾಡಿ ಮುಂದ ಕುಣ್ಯಾಕತ್ತಾರೇನ?” ಎಂದು ಸುನಂದಾ ಗದರಿದಳು. “ಒಂದೀಟ ತಡಕೋಬಾರದ?”

“ನಿನಗ ತಿಳಿಯಂಗಿಲ್ಲ, ಸುಮ್ನಿರು,” ಅಂದ ಇವನು. ತಿಳಿಯದೇ ಇದ್ದದ್ದು ಯಾರಿಗೆ ಅಂತ ಆಮೇಲೆ ಗೊತ್ತಾಗುತ್ತದೆ, ಇರಲಿ.

‘ನೂಲು’ ಹಾಡನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಅಷ್ಟರಲ್ಲಿ ಫಕ್ಕೀರಯ್ಯ ಮಾಸ್ತರರಿಂದ ಕರೆ ಬಂತು. ಇಂದುಧರನಿಗೆ ಹಾರ್ಮೋನಿಯಂ ಕಲಿಸಿದ ಗುರುಗಳು ಅವರೇ. ಊರಲ್ಲಿ ಮಾಸ್ತರರ ಬಾಯಿಂದ ಹೊಗಳಿಕೆ ಕೇಳಿದವರಿಲ್ಲ. ಬೈಯದೆ ಬಿಟ್ಟರೆ ಅದೇ ಆಶೀರ್ವಾದ. ಇಂದುಧರ ಜೀವ ಕೈಯಲ್ಲಿ ಹಿಡಿದುಕೊಂಡು ಹೋದ. ಲೋಕವೆಲ್ಲ ಒಂದು ತೂಕ, ಮಾಸ್ತರರ ಮಾತೇ ಅವನಿಗೆ ಒಂದು ತೂಕ.

“ಮಗಳ ಫೋನಿನ್ಯಾಗ ಕೇಳಿದ್ನೆಪಾ ನಿಂದು,” ಅಂದರು ಮಾಸ್ತರರು. “ಆ ನೂಲು ಅನ್ನೂದು ಏನದು? ನಡುವ ಹಾಡು ಜೀವ ಬಿಡ್ತೈತಲ್ಲ! ತಾಳ ಇಲ್ಲ, ಸುರ ಇಲ್ಲ. ಫೋನ್ ಬಂದ್ ಬಿತ್ತೇನೋ ಅಂತ ತಿರುವಿ ತಿರುವಿ ನೋಡಿದೆ. ಇದನ್ನ ಕಲಿಸಿದ್ನೇನು ನಾ ನಿನಗ?”

ಇಂದುಧರ ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಬಂದವನೇ ಮಗ್ಗ ನಿಲ್ಲುವ ಸದ್ದನ್ನು ಕತ್ತರಿಸಿ ಅಳಿಸಿ ಹಾಕಿದ. ಖಾಲಿ ಬಿದ್ದ ಜಾಗದಲ್ಲಿ ತಬಲಾ ತುಂಬಿದ. ತಾಳ ತಪ್ಪದೆ, ಸದ್ದು ನಿಲ್ಲದೆ, ಹಾಡು ಒಂದೇ ಸಮ ಓಡಿತು. ಮನಸ್ಸು ಬೇಡವೆಂದಿತು. ಆದರೂ ಮಾಡಿದ.

ಅಲ್ಲಿಂದ ಮುಂದೆ ಬೈಗುಳ ನಿಂತವು. “ಚೆನ್ನಾಗಿದೆ” ಅಂದವರು ಇದ್ದರು, “ಸೂಪರ್” ಅಂದವರು ಇದ್ದರು, ಹೆಬ್ಬೆರಳಿನ ಚಿತ್ರ ಒತ್ತಿ ಹೋದವರೂ ಇದ್ದರು. ಜಗಳವಿಲ್ಲ, ಕೊಂಕಿಲ್ಲ. ಇಂದುಧರನಿಗೆ ಮೊದಲು ಹಾಯೆನಿಸಿತು. ಒಂದು ಸಂಜೆ ತಾನೇ ಕೂತು ಮೊದಲಿನಿಂದ ಕೇಳಿದ. ಕೇಳುತ್ತಾ ಕೇಳುತ್ತಾ ಆಕಳಿಕೆ ಬಂತು. ತನ್ನ ಹಾಡಿಗೆ ತನಗೇ ಆಕಳಿಕೆ! ಯಾವ ಮದುವೆಯ ಗಾಡಿಯ ಮೇಲಾದರೂ ನುಡಿಸಬಹುದಾಗಿದ್ದ ಹಾಡುಗಳವು. ಎಲ್ಲರಿಗೂ ಸೇರಿದ್ದವು, ಇವನದು ಅನ್ನುವಂಥದ್ದೇ ಅವುಗಳಲ್ಲಿ ಉಳಿದಿರಲಿಲ್ಲ. ಸುನಂದಾಳ ಮುಂದೆ ಹೇಳಲು ನಾಚಿಕೆಯಾಯಿತು.

ಕೆಲವು ದಿನ ಕಳೆದ ಮೇಲೆ ಬಾಗಿಲಲ್ಲಿ ಕೊಡೆ ಮಡಚುವ ಸದ್ದಾಯಿತು. ನೋಡಿದರೆ ಮಾಸ್ತರರು! ಶಿಷ್ಯರ ಮನೆಗೆ ಎಂದೂ ಕಾಲಿಟ್ಟವರಲ್ಲ. ಸುನಂದಾ ಗಡಿಬಿಡಿಯಿಂದ ಚಾಪೆ ಹಾಸಿ ನೀರು ಕೊಟ್ಟಳು.

“ಚಾ ಆಮ್ಯಾಲ ಮಾಡುವಂತಿ ಬಿಡವ್ವ,” ಅಂದರು. “ಏ ಇಂದುಧರ, ಆ ನೂಲು ಹಚ್ಚು. ದೊಡ್ಡ ಸ್ಪೀಕರಿನ್ಯಾಗ ಹಚ್ಚು.”

ಇಂದುಧರ ಖುಷಿಯಿಂದ ಹಚ್ಚಿದ. ತಬಲಾ ತುಂಬಿದ್ದನ್ನು ಕೇಳಿ ಗುರುಗಳು ಮೆಚ್ಚಬಹುದೆಂದುಕೊಂಡ. ಮಾಸ್ತರರು ಗೋಡೆಗೆ ಒರಗಿ, ಕಿವಿಯ ಹತ್ತಿರ ಅಂಗೈ ಇಟ್ಟುಕೊಂಡು ಕೂತರು. ಹಾಡು ನಡುವಿಗೆ ಬಂತು. ಅವರು ಉಸಿರು ಹಿಡಿದರು. ತಬಲಾ ಧಬಧಬನೆ ಬಂದು ಹೋಯಿತು. ಹಾಡು ಮುಗಿಯಿತು. ಅವರು ಇನ್ನೂ ಕಾಯುತ್ತಲೇ ಇದ್ದರು.

“ಎಲ್ಲೈತಿ?” ಅಂದರು.

“ಏನ್ರಿ?”

“ಮಗ್ಗ ನಿಲ್ಲೂದು.”

ಇಂದುಧರ ಸ್ಪೀಕರ್ ಬಂದ್ ಮಾಡಿದ. “ಅದನ್ನ ತಗದೇನ್ರಿ.”

“ತಗದಿ? ಯಾಕ?”

“ನೀವ ಬೈದ್ರೆಲ್ಲಾ ರೀ!”

“ಬೈದೆ,” ಅಂದರು ಮಾಸ್ತರರು. “ಹೌದು, ಬೈದೆ. ತಗಿ ಅಂತ ಅಂದ್ನೇನು?”

ಆಮೇಲೆ ಮಾಸ್ತರರು ದನಿ ತಗ್ಗಿಸಿ ಹೇಳಿದರು. “ನಿನಗ ಬೈದು ಕಳಿಸಿದ್ನಲ್ಲ, ಮರುದಿನ ನಮ್ಮ ಓಣ್ಯಾಗ ಕರೆಂಟ್ ಹೋತು. ಮಗ್ಗ ಒಂದೊಂದ ನಿಂತವು. ಕೊನೇದ್ದು ನಿಲ್ಲೂತನಕ ನಾ ಹೆಜ್ಜಿ ಎತ್ತಿಡಲಿಲ್ಲ ನೋಡು, ಹಂಗ ನಿಂತು ಕೇಳಿದೆ. ಹುಟ್ಟಿದಾಗಿಂದ ಈ ಸದ್ದಿನ್ಯಾಗ ಬೆಳದೀನಿ. ಅವತ್ತ ಮೊದಲನೇ ಸಲ ಕೇಳಿಸ್ತು. ಆಗ ನಿನ್ನ ಹಾಡು ತಿಳೀತು. ಮತ್ತ ಕೇಳಬೇಕಂತ ಬಂದೆ.”

ಹೊಗಳಿಕೆ! ಮಾಸ್ತರರ ಬಾಯಿಂದ! ಬಂದದ್ದಾದರೂ ಎಂಥ ಹೊತ್ತಿನಲ್ಲಿ ನೋಡಿ. ಇಂದುಧರನ ಕಣ್ಣಲ್ಲಿ ನೀರು ಬಂತು.

“ತಪ್ಪಾತ್ರಿ. ಮಂದಿ ಕಾಲು ನಿಂತ್ರ ಹಾಡು ಬದಲಿ ಮಾಡಿ ರೂಢಿ ನಮಗ.”

“ಮೆರವಣಿಗಿ ಮಂದಿ ಮುಂದ ಹೋಗಿಬಿಡ್ತಾರೋ ತಮ್ಮಾ, ತಿರುಗಿ ಬರಂಗಿಲ್ಲ. ಅವರಿಗೆ ಆಗಿಂದಾಗ ಕೊಡಬೇಕು. ಇದು ಮನ್ಯಾಗ ಕುಂತು ಕೇಳೂದು. ಇವತ್ತ ಬೈತಾರ, ನಾಳೆ ತಿರುಗಿ ಬರ್ತಾರ. ನಾ ಬಂದೀನಿ. ನೀನ ಬಾಗಿಲಾ ಹಾಕ್ಕೊಂಡು ಕುಂತೀ.”

ಅಳಿಸಿದ್ದು ಅಳಿಸಿಹೋಗಿತ್ತು, ಫೋನಿನಲ್ಲೂ ಉಳಿದಿರಲಿಲ್ಲ. ಯಾರಾದರೂ ಇಳಿಸಿಕೊಂಡಿದ್ದೀರಾ ಅಂತ ಇಂಟರ್ನೆಟ್ಟಿನಲ್ಲಿ ಕೇಳಿ ನೋಡಿದ. ಎಲ್ಲರೂ ಅಲ್ಲೇ ಕೇಳಿ ಅಲ್ಲೇ ಬಿಟ್ಟಿದ್ದರು. ಮತ್ತೆ ಹಿಡಿಯುವುದೊಂದೇ ದಾರಿ. ಹಿಡಿಯಬೇಕೆಂದರೆ ಕರೆಂಟ್ ಹೋಗಬೇಕು.

ಇಂದುಧರ ಪಕ್ಕದ ಮನೆಯ ಮುರಿಗೆಪ್ಪನ ಮಗ್ಗದ ಶೆಡ್ಡಿನಲ್ಲಿ ಫೋನು ಹಿಡಿದು ಕೂತ. ಈಗ ನಗಬೇಡಿ. ದಿನಕ್ಕೆ ನಾಲ್ಕು ಸಲ ಕೈಕೊಡುತ್ತಿದ್ದ ಕರೆಂಟ್, ಇವನು ಕೂತದ್ದೇ ತಡ, ಕದಲಲೊಲ್ಲದು! ಬೆಳಗಿನಿಂದ ಸಂಜೆಯವರೆಗೆ ಮಗ್ಗಗಳು ನಿಲ್ಲದೆ ಓಡಿದವು. ಮರುದಿನವೂ ಅದೇ ಕಥೆ.

“ಏ ಇಂದುಧರ, ನಿನ್ನ ಕಾಲ್ಗುಣ ಭಾರೀ ಐತಿ ಮಾರಾಯ!” ಅಂದ ಮುರಿಗೆಪ್ಪ. “ದಿನಾ ಬಂದು ಕೂಡು. ಚಾ ನಂದು, ಚುರಮರಿ ನಂದು.”

ಸುದ್ದಿ ಓಣಿಯ ತುಂಬ ಹಬ್ಬಿತು. ಕರೆಂಟ್ ಹೋಗಲಿ ಅಂತ ಕಾಯುವ ಮನುಷ್ಯನನ್ನು ನೇಕಾರರು ಅದುವರೆಗೆ ನೋಡಿರಲಿಲ್ಲ. ಬರಬರುತ್ತಾ ಅವರೂ ಇವನ ಜೊತೆ ಕಾಯತೊಡಗಿದರು. “ಹೋತೇನು?” “ಇನ್ನೂ ಇಲ್ಲ.” “ಛೇ!” ಅಂತ ಶೆಡ್ಡಿನಿಂದ ಶೆಡ್ಡಿಗೆ ಕೂಗಾಟ.

ಕೊನೆಗೊಂದು ಮಧ್ಯಾಹ್ನ ಕರೆಂಟ್ ಹೋಯಿತು. ಇಂದುಧರ ಉಸಿರು ಬಿಗಿ ಹಿಡಿದ. ಮಗ್ಗಗಳು ಒಂದೊಂದಾಗಿ ನಿಂತವು. ಕೊನೆಯದೂ ನಿಂತಿತು. ಒಂದು ಗಳಿಗೆ ಓಣಿ ಸುಮ್ಮನಿತ್ತು. ಆಮೇಲೆ ಎಲ್ಲ ಶೆಡ್ಡುಗಳಿಂದ ಒಂದೇ ಸಲ, “ಹೋತೋ! ಹೋತು, ಹೋತು!” ಎಂದು ಕೇಕೆ ಎದ್ದಿತು. ಗಂಡಸರು, ಹೆಂಗಸರು, ಮುದುಕರು, ಎಲ್ಲರದೂ ನಗು. ಕರೆಂಟ್ ಹೋದದ್ದಕ್ಕೆ ನೇಕಾರರು ಕುಣಿದದ್ದು ಅದೇ ಮೊದಲು ಇರಬೇಕು.

ಇಂದುಧರನಿಗೆ ಮೊದಲು ಅಳುವೇ ಬಂತು. ಎಲ್ಲ ಕೆಟ್ಟಿತೆಂದುಕೊಂಡ. ಮನೆಗೆ ಬಂದು ಆ ಕೇಕೆ ಕತ್ತರಿಸಲು ಕೂತ. ಕತ್ತರಿಸುವ ಮೊದಲು ಒಮ್ಮೆ ಕೇಳಿದ. ಊಟ ಮಾಡಿ ಬಂದು ಮತ್ತೊಮ್ಮೆ ಕೇಳಿದ. ಆ ನಗುವಿನ ಬೆನ್ನಿಗೇ ಸೋಬಾನೆ ಪದ ಎದ್ದಾಗ ಅವನ ಮೈ ಜುಮ್ಮೆಂದಿತು. ಕೇಕೆಯನ್ನು ಹಾಗೇ ಬಿಟ್ಟ. ಉಳಿದ ಹಾಡುಗಳಿಗೂ ಅವುಗಳ ಗುಡುಗು, ಅವುಗಳ ಡೋಲು ಮತ್ತೆ ನುಡಿಸಿ ಕೊಟ್ಟ. ಹಳೆಯದರಂತೆಯೇ ಬರಲಿಲ್ಲ. ಆದರೂ ಕೇಳಿದರೆ ಇವನದೇ ಅಂತ ಗೊತ್ತಾಗುತ್ತಿತ್ತು.

‘ಓಣಿ’ ಮತ್ತೆ ಇಂಟರ್ನೆಟ್ಟಿಗೆ ಹೋಯಿತು. ಮತ್ತೆ ಮಾತು ಬಂದವು. ಹುಬ್ಬಳ್ಳಿ ಹುಡುಗ ಬೇಸ್ ಎಲ್ಲಿ ಅಂದ. ಮಂಡಳಿಯವರು ಸಿಟ್ಟಾದರು. ಒಬ್ಬರು ಇದು ಸಂಗೀತವೇ ಅಲ್ಲ ಅಂದರು, ಇನ್ನೊಬ್ಬರು ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಬರುವಾಗ ದಿನವೂ ಇದನ್ನೇ ಕೇಳುತ್ತೇನೆ ಅಂದರು. ಇಂದುಧರ ಪ್ರತಿಯೊಂದನ್ನೂ ಫೋನಿನಲ್ಲೇ ಓದಿದ. ಪ್ರತಿಯೊಬ್ಬರಿಗೂ, “ಕೇಳಿದ್ದಕ್ಕೆ ಶರಣು” ಅಂತ ಬರೆದ. ತಿದ್ದಲು ಕಂಪ್ಯೂಟರ್ ಮಾತ್ರ ತೆರೆಯಲಿಲ್ಲ.

ವಾರ ಕಳೆಯುವಷ್ಟರಲ್ಲಿ ಫಕ್ಕೀರಯ್ಯ ಮಾಸ್ತರರು ಮತ್ತೆ ಬಂದರು. ಈ ಸಲ ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

“ಏನೋ ಅದು, ಮಗ್ಗ ನಿಂತ ಮ್ಯಾಲ ಆ ಒದರಾಟ? ಎಂಥಾ ಚಲೋ ಜಾಗಾ ಕೆಡಿಸಿಟ್ಟೀಯಲ್ಲೋ! ನನಗ ಬಿಲ್ಕುಲ್ ಸೇರಲಿಲ್ಲ.”

ಸುನಂದಾ ಒಳಗಿನಿಂದ ಗಂಡನ ಮುಖ ನೋಡಿದಳು. ಮತ್ತೆ ಎಲ್ಲಿ ಕತ್ತರಿ ಹಿಡಿಯುತ್ತಾನೋ ಅಂತ ಅವಳಿಗೆ ದಿಗಿಲು. ಇಂದುಧರ ಗುರುಗಳ ಕಾಲು ಮುಟ್ಟಿ ನಮಸ್ಕಾರ ಮಾಡಿ, ಚಾಪೆ ಹಾಸಿದ.

“ಹೌದ್ರಿ ಮಾಸ್ತರ. ಕೂಡ್ರಿ, ಚಾ ಕುಡೀರಿ,” ಅಂದ. “ಮುಂದಿನ ವಾರ ಇನ್ನೊಮ್ಮೆ ಕೇಳ್ರಿ. ಅದು ಅಲ್ಲೇ ಇರ್ತೈತಿ.”

ಮಾಸ್ತರರು ಅವನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನೀತಿ: ನಾವು ಮಾಡಿದ ಕೆಲಸದ ಬಗ್ಗೆ ಮಂದಿ ಆಡುವ ಮಾತನ್ನು ಬೇಸರಿಸದೆ ಕೇಳಬೇಕು. ಆದರೆ ಕೇಳಿದ ತಕ್ಷಣ ಕೈ ಹಚ್ಚಬಾರದು. ಹೊಸದು ಮನಸ್ಸಿಗೆ ಇಳಿಯಲು ಹೊತ್ತು ಬೇಕು. ಇಂದು ಬೈದವರೇ ನಾಳೆ ಅದನ್ನು ಹುಡುಕಿಕೊಂಡು ಬಂದಾರು; ಬಂದಾಗ ಅದು ಅಲ್ಲಿರುವಂತೆ ನೋಡಿಕೊಳ್ಳುವುದು ಮಾಡಿದವನ ಹೊಣೆ.