ಬಿದಿರು ಕೊಳವೆಯೂ ಸೂಜಪ್ಪನ ಬಿಲವೂ

ಮಕ್ಕಳೇ, ಕುರುಚಲು ಕಾಡಿನ ಗುಡ್ಡದ ಮೇಲೊಂದು ಕೊಳವಿತ್ತು. ಗುಡ್ಡದ ಕೆಳಗೆ, ಬಿದಿರುಮೆಳೆಯ ಬುಡದ ಬಿಲದಲ್ಲಿ ಸೂಜಪ್ಪನೆಂಬ ಮುಳ್ಳುಹಂದಿ ವಾಸವಾಗಿದ್ದ. ಅಜ್ಜನ ಕಾಲದ ಬಿಲ ಅದು, ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು.

ಆ ಕಾಡಿನಲ್ಲೊಂದು ಪದ್ಧತಿ. ಸಂಜೆ ನೀರು ಕುಡಿಯಲು ಬಂದವರೆಲ್ಲ ಕೊಳದ ದಡದಲ್ಲಿ ಸಭೆ ಸೇರುತ್ತಿದ್ದರು. ಬೋಗುಣಜ್ಜನೆಂಬ ಮುದಿ ಆಮೆ ಅಂದಿನ ವಿಷಯ ಹೇಳುತ್ತಿದ್ದ. ಒಪ್ಪಿದವರು ನೀರಿಗಿಳಿಯಬೇಕು, ಒಪ್ಪದವರು ದಡದಲ್ಲೇ ನಿಲ್ಲಬೇಕು. ಯಾವ ಕಡೆ ಹೆಚ್ಚು ಮಂದಿಯೋ ಆ ಕಡೆಯ ಮಾತು ನಡೆಯುತ್ತಿತ್ತು. ನಮ್ಮ ಸೂಜಪ್ಪ ಮಹಾ ಸೋಮಾರಿ. ಗುಡ್ಡ ಹತ್ತಬೇಕು, ಮೇಲಾಗಿ ಮುಳ್ಳು ನೆನೆದರೆ ಬೇಗ ಒಣಗುವುದಿಲ್ಲ ಎಂದು ದಿನವೂ ಗೊಣಗುತ್ತಿದ್ದ.

ಹೀಗಿರುವಾಗ ಜಾರಣ್ಣನೆಂಬ ನೀರುನಾಯಿ ಹೊಸ ಉಪಾಯ ಹೂಡಿದ. ಬಿದಿರಿನ ಗಿಣ್ಣುಗಳನ್ನು ಕೊರೆದು, ಗಳುಗಳನ್ನು ಒಂದಕ್ಕೊಂದು ಜೋಡಿಸಿ, ಕೊಳದ ನೀರನ್ನು ಎಲ್ಲರ ಮನೆಬಾಗಿಲಿಗೂ ಹರಿಸಿದ. ಅದಕ್ಕೆ ಪ್ರತಿಯಾಗಿ ಎಲ್ಲರೂ ಹಳ್ಳದ ಏಡಿ ಹಿಡಿದು ಅವನಿಗೆ ಕೊಡಬೇಕು. ಸುಳ್ಳು ಯಾಕೆ ಹೇಳಲಿ, ಕೆಲಸ ಬಹಳ ಸೊಗಸಾಗಿತ್ತು.

"ನೀರೇ ಮನೆಗೆ ಬಂದ ಮೇಲೆ ಸಭೆಗೆ ಯಾಕೆ ಕಾಲು ಸವೆಸೋದು?" ಎಂದು ಸೂಜಪ್ಪ ಬಾಗಿಲಲ್ಲೇ ಕಾಲು ಚಾಚಿ ಕುಳಿತ. ಅವನನ್ನು ನೋಡಿ ಮೊಲದ ಚಿಗುರವ್ವ ಹೋಗುವುದನ್ನು ಬಿಟ್ಟಳು, ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಿಟ್ಟರು. ಜಾರಣ್ಣನಿಗೆ ಕೊಡಬೇಕಾದ ಏಡಿ ಮಾತ್ರ ಹೆಚ್ಚುತ್ತಲೇ ಹೋಯಿತು.

ಒಂದು ಬೆಳಿಗ್ಗೆ ಬಿಲದ ಮೇಲೆ ಕರಕರ ಸದ್ದು. ಸೂಜಪ್ಪ ಹೊರಗೆ ಬಂದರೆ ಜಾರಣ್ಣ ಬಿದಿರು ಕಡಿಯುತ್ತಿದ್ದ.

"ಹೊಸ ಕೊಳವೆಗೆ ಬೇಕು ಸೂಜಪ್ಪ. ನಾಳೆ ಮೆಳೆಯನ್ನು ಬುಡಸಮೇತ ಕೀಳ್ತೀನಿ. ಸಭೆಯಲ್ಲೇ ತೀರ್ಮಾನ ಆಗಿದೆ, ಒಬ್ಬರೂ ಬೇಡ ಅನ್ನಲಿಲ್ಲ" ಎಂದ.

ಮೆಳೆ ಕಿತ್ತರೆ ಬಿಲ ಕುಸಿಯುತ್ತದೆ. ಸೂಜಪ್ಪ ಎದ್ದೆನೋ ಬಿದ್ದೆನೋ ಎಂದು ಗುಡ್ಡ ಹತ್ತಿ ಬೋಗುಣಜ್ಜನನ್ನು ಕೇಳಿದ.

"ನಿಜ ಕಣಪ್ಪ," ಎಂದ ಅಜ್ಜ. "ಬೇಡ ಅನ್ನೋಕೆ ದಡದಲ್ಲಿ ಯಾರಿದ್ರು? ಜಾರಣ್ಣ ಇರೋದೇ ನೀರಲ್ಲಿ. ಅವನೇ ಬಂದ, ಅವನೇ ಒಪ್ಪಿದ. ಇವತ್ತು ಸಂಜೆ ಎಲ್ಲರನ್ನೂ ಕರೆದುಕೊಂಡು ಬಾ, ಮತ್ತೆ ಕೇಳೋಣ."

ಸೂಜಪ್ಪ ಮನೆಮನೆ ತಿರುಗಿದ. ಚಿಗುರವ್ವ ಬಾಗಿಲು ದಾಟಲಿಲ್ಲ. ಬರುತ್ತಿರುವ ನೀರಿಗೆ ಕಲ್ಲು ಹಾಕಬೇಡ ಎಂದು ಬುದ್ಧಿ ಹೇಳಿದಳು. ಉಳಿದವರದ್ದೂ ಅದೇ ರಾಗ. ತಾನೇ ಕಲಿಸಿದ ಪಾಠ ತನಗೇ ತಿರುಗಿತಲ್ಲ ಎಂದು ಸೂಜಪ್ಪನಿಗೆ ನಾಚಿಕೆಯಾಯಿತು.

ಅವನು ಕಾಡೆಲ್ಲ ತಿರುಗುತ್ತಿದ್ದಾನೆಂಬ ಸುದ್ದಿ ಜಾರಣ್ಣನ ಕಿವಿಗೆ ಬಿತ್ತು. ನೀರು ಯಾರ ಕೈಯಲ್ಲಿದೆಯೆಂದು ಎಲ್ಲರಿಗೂ ಗೊತ್ತಾಗಲಿ ಎಂದು ಅವನು ಕೊಳವೆಯ ಬಾಯಿಗೆ ಬಿರಡೆ ಜಡಿದ. ಮಧ್ಯಾಹ್ನದೊಳಗೆ ಕೊಳವೆಗಳೆಲ್ಲ ಬತ್ತಿದವು.

ಸೋತು ಬಂದು ಬಿಲದಲ್ಲಿ ಕುಳಿತ ಸೂಜಪ್ಪನಿಗೆ ಯಾರೋ ಬೈಯುವುದು ಕೇಳಿಸಿತು. ಚಿಗುರವ್ವನ ದನಿ. ಅವಳು ತನ್ನ ಮನೆಯಲ್ಲಿ ಒಣ ಕೊಳವೆಗೆ ಬಾಯಿಟ್ಟು ಜಾರಣ್ಣನಿಗೆ ಶಾಪ ಹಾಕುತ್ತಿದ್ದಳು, ಅದು ಕೊಳವೆಯೊಳಗಿಂದ ಇಲ್ಲಿಗೆ ಕೇಳುತ್ತಿತ್ತು. ಸೂಜಪ್ಪನ ಮುಳ್ಳುಗಳು ನೆಟ್ಟಗಾದವು. ಅವನೂ ಕೊಳವೆಗೆ ಬಾಯಿಟ್ಟ.

"ನಾನು ಸೂಜಪ್ಪ. ಇವತ್ತು ನನ್ನ ಬಿಲ, ನಾಳೆ ನಿಮ್ಮದು. ಮೊದಲು ಸಭೆ ಬಿಟ್ಟವನು ನಾನೇ, ತಪ್ಪಾಯ್ತು. ನೀರು ಬೇಕಾದವರೆಲ್ಲ ಸಂಜೆ ಕೊಳಕ್ಕೆ ಬನ್ನಿ."

ಬಾಯಾರಿದ್ದವರು ಇಲ್ಲವೆನ್ನುತ್ತಾರೆಯೇ? ಸಂಜೆ ಕಾಡಿಗೆ ಕಾಡೇ ಬಂತು. ಮೆಳೆ ಕೀಳಬೇಕೆನ್ನುವವರು ನೀರಿಗಿಳಿಯಿರಿ ಎಂದು ಬೋಗುಣಜ್ಜ ಹೇಳಿದಾಗ ನೀರಿನಲ್ಲಿ ಜಾರಣ್ಣನೊಬ್ಬನೇ ಇದ್ದ. ಮೆಳೆ ಉಳಿಯಿತು.

ಆಗ ಸೂಜಪ್ಪ ಇನ್ನೊಂದು ಮಾತು ಎತ್ತಿದ. ಕೊಳವೆಯೂ ಇರಲಿ, ಜಾರಣ್ಣನಿಗೆ ಮೊದಲಿನಷ್ಟು ಏಡಿಯೂ ಇರಲಿ, ಆದರೆ ಬಿರಡೆ ಸಭೆಯ ಕೈಯಲ್ಲಿರಲಿ ಎಂದ. ಹಾಗೆಂದವನು ಮುಳ್ಳು ನೆನೆಯುವುದನ್ನೂ ಮರೆತು ಮೊದಲು ತಾನೇ ನೀರಿಗೆ ಧುಮುಕಿದ. ಹಿಂದೆಯೇ ಉಳಿದವರು ನುಗ್ಗಿದರು. ಮುಳ್ಳು ಚುಚ್ಚೀತೆಂದು ಸರಿಯುತ್ತ ಸರಿಯುತ್ತ ಜಾರಣ್ಣ ಕೊನೆಗೆ ದಡ ಹತ್ತಿ ನಿಂತ.

"ದಡದಲ್ಲಿ ಒಬ್ಬ" ಎಂದು ಬೋಗುಣಜ್ಜ ಎಣಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಜಾರಣ್ಣನಿಗೂ ನಗು ತಡೆಯಲಾಗಲಿಲ್ಲ.

ಅಂದಿನಿಂದ ದಿನವೂ ಸಂಜೆ ಸ್ವಲ್ಪ ಹೊತ್ತು ಬಿರಡೆ ಹಾಕುತ್ತಾರೆ. ಒಣಗಿದ ಕೊಳವೆಯಲ್ಲಿ ಸೂಜಪ್ಪ ಎಲ್ಲರನ್ನೂ ಸಭೆಗೆ ಕರೆಯುತ್ತಾನೆ. ಕರೆದು ಗೊಣಗುತ್ತ ಗುಡ್ಡ ಹತ್ತುತ್ತಾನೆ, ಆದರೆ ಹತ್ತುತ್ತಾನೆ.

ನೀತಿ: ಸೌಕರ್ಯ ಮನೆಬಾಗಿಲಿಗೆ ಬಂತೆಂದು ಸಭೆಗೆ ಹೋಗುವುದನ್ನು ಬಿಟ್ಟರೆ, ನಮ್ಮ ಮನೆಯ ತೀರ್ಮಾನವನ್ನೂ ಬೇರೆಯವರೇ ಮಾಡುತ್ತಾರೆ.